ಹೊಸ ರ‍್ಯಾಮ್ ಹಾಕಿದ ಮೇಲೆ ಕಪ್ಪು ಪರದೆ

ಪ್ರಶ್ನೆ: ನಾನೇ ಜೋಡಿಸಿದ ಕಂಪ್ಯೂಟರಿನಲ್ಲಿದ್ದ 8 ಜಿಬಿ, 2400 ವೇಗದ ಡಿಡಿಆರ್4 ರ‍್ಯಾಮ್ ಜೊತೆಗೆ 3200 ವೇಗದ ಇನ್ನೊಂದು 8 ಜಿಬಿ ಹಾಕಿದೆ. ಈಗ ಒಮ್ಮೊಮ್ಮೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಹೊಸದು ಕೆಟ್ಟಿದೆಯೇ?
– ಓದುಗರು, ನಾಪೋಕ್ಲು

ಉತ್ತರ: ಈಗಲೇ ಹಾಗೆಂದು ತೀರ್ಮಾನಿಸಬೇಡಿ. ಇಂಥ ಜೋಡಿ ಸಾಮಾನ್ಯವಾಗಿ ನಿಧಾನದ್ದರ ವೇಗಕ್ಕೆ ಇಳಿದು ನಡೆಯುತ್ತದೆಯಾದರೂ, ಬಯಾಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಿರುವ ಜಾಗ) ಎಕ್ಸ್‌ಎಂಪಿ, ಅಂದರೆ ರ‍್ಯಾಮನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಸೆಟ್ಟಿಂಗ್, ಚಾಲೂ ಇದ್ದರೆ ಹಳೆಯದನ್ನು ಅದರ ಶಕ್ತಿ ಮೀರಿ ಓಡಿಸಿದಂತಾಗಿ ನೀವು ಹೇಳಿದ ತೊಂದರೆ ಬರಬಹುದು. ಮೊದಲು ಎಕ್ಸ್‌ಎಂಪಿಯನ್ನು ಆಫ್ ಮಾಡಿ.

ನನಗೆ ಹೆಚ್ಚು ಅನುಮಾನವಿರುವುದು ಮಳೆಗಾಲದ ತೇವದ ಮೇಲೆ. ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುವ ನಿಮ್ಮ ಕಡೆ ರ‍್ಯಾಮ್‌ನ ಹೊಂಬಣ್ಣದ ಹಲ್ಲುಗಳ ಮೇಲೆ ತೆಳುವಾದ ಕೊಳೆ ಕೂರುವುದು ಸಹಜ. ಪ್ಲಗ್ ಕಿತ್ತು, ಎರಡನ್ನೂ ತೆಗೆದು, ಆ ಹಲ್ಲುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಮೆತ್ತನೆಯ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಬಳಿಕ ‘ಟಕ್’ ಎಂಬ ಸದ್ದು ಬರುವವರೆಗೆ ಒತ್ತಿ ಕೂರಿಸಿ. ನಾಲ್ಕು ಸ್ಲಾಟ್‌ಗಳಿದ್ದರೆ, ಬಹುತೇಕ ಮದರ್‌ಬೋರ್ಡ್‌ಗಳಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದೇ ಸರಿಯಾದ ಜಾಗ.

ಆಮೇಲೂ ತೊಂದರೆ ಉಳಿದರೆ ಒಂದೊಂದನ್ನೇ ಹಾಕಿ, ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಎಂಬ ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ ನಡೆಸಿ. ಒಂಟಿಯಾಗಿದ್ದಾಗಲೂ ಕೆಂಪು ಸಾಲು (ದೋಷದ ಗುರುತು) ತೋರಿಸುವ ರ‍್ಯಾಮನ್ನು ವಾರಂಟಿಯಲ್ಲಿ ಬದಲಿಸಿಕೊಳ್ಳಿ.