ಹ್ಯಾಲೋವೀನ್‌ಗೆ ಥ್ರಿಫ್ಟ್ ಸ್ಟೋರ್ ಬಟ್ಟೆ ಸಾಕಾ?

ಪ್ರಶ್ನೆ: ಅಮೆರಿಕಕ್ಕೆ ಬಂದಮೇಲೆ ಮೊದಲನೇ ಹ್ಯಾಲೋವೀನ್ (ಅಕ್ಟೋಬರ್ 31ರ ಹಬ್ಬ, ಮಕ್ಕಳು ವೇಷ ಹಾಕ್ಕೊಂಡು ಸಂಜೆ ಮನೆಮನೆಗೆ ಹೋಗ್ತಾರೆ), ಮಗಳಿಗೆ ಮಾಟಗಾತಿ ವೇಷ ಬೇಕಂತೆ. ಥ್ರಿಫ್ಟ್ ಸ್ಟೋರಲ್ಲಿ, ಅಂದ್ರೆ ಬಳಸಿದ ಸಾಮಾನು ಮಾರೋ ಅಂಗಡೀಲಿ, ತಗೋಬಹುದಾ?

ಉತ್ತರ: ಧಾರಾಳವಾಗಿ ತಗೊಳ್ಳಿ, ಆದ್ರೆ ರೆಡಿಮೇಡ್ ವೇಷಾನೇ ಹುಡುಕ್ತಾ ಕೂರ್ಬೇಡಿ, ದೊಡ್ಡೋರ ಸೆಕ್ಷನ್ನಲ್ಲಿ ಉದ್ದದ ಕಪ್ಪು ಸ್ಕರ್ಟ್ ಸಿಗತ್ತೆ, ಅದನ್ನ ಭುಜಕ್ಕೆ ಹೊದಿಸಿ ಪಿನ್ ಹಾಕಿದ್ರೆ ಮೇಲಂಗಿ ರೆಡಿ, ಅಂಚು ಮಾತ್ರ ನೆಲಕ್ಕೆ ತಾಗ್ದಂಗೆ ಕತ್ತರಿಸಿ, ಕತ್ತಲಲ್ಲಿ ಮಗು ಎಡವಬಾರ್ದು. ಅಕ್ಟೋಬರ್ 31 ಹತ್ರ ಬಂದ್ಮೇಲೆ ಒಳ್ಳೇದೆಲ್ಲ ಖಾಲಿ, ಸೆಪ್ಟೆಂಬರಲ್ಲೇ ಹೋಗಿ. ಜಿಪ್, ಹೊಲಿಗೆ ನೋಡಿ, ತಂದು ಒಗೀರಿ. ಮುಖಕ್ಕೆ ತಾಗೋ ಮಾಸ್ಕ್ ಹೊಸದೇ ಇರ್ಲಿ. ಗುಡ್‌ವಿಲ್ ಅನ್ನೋ ಥ್ರಿಫ್ಟ್ ಸ್ಟೋರ್ ಸಂಸ್ಥೆ 1902ರಲ್ಲಿ ಬೋಸ್ಟನ್ನಲ್ಲಿ ಶುರುವಾಗಿದ್ದು, ಮಾರಿದ ದುಡ್ಡಲ್ಲಿ ಜನಕ್ಕೆ ಕೆಲಸದ ತರಬೇತಿ ಕೊಡ್ತಾರೆ, ನಂಗೆ ಅದಕ್ಕೇ ಅಲ್ಲಿ ಕೊಳ್ಳೋದು ಇಷ್ಟ.