ಕಟ್ಟು ಚೆಲ್ಲಬೇಡ ತಮ್ಮಾ

ತಮ್ಮಾ,

ನಿನ್ನ ಮೆಸೇಜ್ ಬಂದಾಗ ನಾನು ದಾವಣಗೆರೆಯಲ್ಲೇ ಇದ್ದೆ. ರಜೆ ಹಾಕಿ ಬಂದು ಎರಡು ವಾರ ಆಯ್ತು. ನಿಟುವಳ್ಳಿಯ ನಮ್ಮ ಮನೆಯ ಅಡುಗೆಮನೆಯಲ್ಲಿ ಕೂತು ಓದಿದೆ. ಪಕ್ಕದಲ್ಲೇ ನನ್ನ ಅವ್ವ ರೊಟ್ಟಿ ಬಡಿಯುತ್ತಿದ್ದಳು. "ಅಣ್ಣಾ, ಇಟಲಿಯ ಟುರಿನ್‌ಗೆ ಬಂದು 20 ದಿನ ಆಯ್ತು. ಅಮ್ಮ ಕಟ್ಟಿಕೊಟ್ಟ ರೊಟ್ಟಿ ಮುಗಿದವು, ಚಟ್ನಿಪುಡಿ ಡಬ್ಬಿ ತಳ ಕಾಣುತ್ತಿದೆ. ಎಲ್ಲಿ ನೋಡಿದರೂ ಪಾಸ್ತಾ, ಸಲಾಡ್. ನಾನು ಮೊಟ್ಟೆನೂ ತಿನ್ನಲ್ಲ, ಅಡುಗೆನೂ ಬರಲ್ಲ. ಎರಡು ವರ್ಷ ಹೇಗೆ ಕಳೀಲಿ?" ಅಂತ ಬರೆದಿದ್ದೆ. ಓದಿ ಸುಮ್ನೆ ಇರೋಕೆ ಆಗಲಿಲ್ಲ. 14 ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಇಟ್ಟುಕೊಂಡು ಅದೇ ಊರಲ್ಲಿ ಇಳಿದವನು. ಕೇಳೋಕೆ ನನಗೆ ಯಾರೂ ಇರಲಿಲ್ಲ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ, ಬಿಡುವಾದಾಗ ಓದು.

ಮೊದಲು ನಾನು ಏನು ತಪ್ಪು ಮಾಡಿದೆ ಅಂತ ಹೇಳುತ್ತೇನೆ. ಊರಿನ ಊಟ ಸಿಕ್ಕರೆ ಊಟ, ಇಲ್ಲದಿದ್ದರೆ ಬ್ರೆಡ್ಡು ಜಾಮು ಅಂತ ತೀರ್ಮಾನ ಮಾಡಿಕೊಂಡಿದ್ದೆ. ಸೋನಾ ಮಸೂರಿ ಹುಡುಕಿಕೊಂಡು ಊರೆಲ್ಲ ಅಲೆಯುತ್ತಿದ್ದೆ. ಸಿಕ್ಕಿದ ಸಣ್ಣ ಚೀಲಕ್ಕೆ ಕೇಳಿದ ದುಡ್ಡು ಕೊಟ್ಟು, ತಿಂಗಳ ಕೊನೆಗೆ ಕೈ ಖಾಲಿ ಮಾಡಿಕೊಂಡು, ನೂಡಲ್ಸ್ ಪ್ಯಾಕೆಟ್ ಕುದಿಸಿ ಕುಡಿಯುತ್ತಿದ್ದೆ. ಫೆಬ್ರವರಿ ಹೊತ್ತಿಗೆ 7 ಕೆಜಿ ಇಳಿದಿದ್ದೆ. ಮೆಟ್ಟಿಲು ಹತ್ತಿದರೆ ತಲೆ ಸುತ್ತುತ್ತಿತ್ತು. ಚಳಿಗೆ ಹೀಗಾಗುತ್ತಿದೆ ಅಂದುಕೊಂಡಿದ್ದೆ. ಅದು ಹಸಿವು ಅಂತ ಗೊತ್ತಾಗೋಕೆ ಡಾಕ್ಟರ್ ಹೇಳಬೇಕಾಯಿತು. ನೀನು ಆ ದಾರಿ ಹಿಡಿಯಬೇಡ.

ಪಾಸ್ತಾ ನಮಗೆ ಹೊಸದಲ್ಲ ತಮ್ಮಾ. ನಿನ್ನ ಅಜ್ಜಿ ಬೇಸಿಗೆಯಲ್ಲಿ ಶಾವಿಗೆ ಹೊಸೆಯುತ್ತಿದ್ದದ್ದು ನೀನು ನೋಡಿರಬಹುದು. ನಮ್ಮ ಮನೆಯಲ್ಲಿ ಅದರ ಜೊತೆ ಗೌಲಿ, ಸೌತೆಬೀಜವೂ ಆಗುತ್ತಿದ್ದವು. ಹಿಟ್ಟಿನ ಚೂರನ್ನು ಹೊಸ ಬಾಚಣಿಗೆಯ ಮೇಲೆ ಹೆಬ್ಬೆರಳಿನಿಂದ ಒತ್ತಿ ಉರುಳಿಸಿದರೆ ಗೆರೆ ಗೆರೆಯ ಗೌಲಿ. ಎರಡು ಬೆರಳ ನಡುವೆ ಹೊಸೆದು ಚಿವುಟಿದರೆ ಸೌತೆಬೀಜ. ಒಣಗಿಸಿ ಡಬ್ಬಿಗೆ ತುಂಬಿ, ಹಬ್ಬಕ್ಕೆ ಬೆಲ್ಲ ಹಾಕಿ ಪಾಯಸ. ಪಾಸ್ತಾ ಮಾಡುವ ಗೋಧಿಗೆ ಡುರಮ್ ಅಂತಾರೆ, ಗಟ್ಟಿ ಜಾತಿಯ ಗೋಧಿ. ನಾವು ಉಪ್ಪಿಟ್ಟಿಗೆ ತರುವ ಬನ್ಸಿ ರವೆಯೂ ಅದೇ ಜಾತಿ. ಇಟಲಿಯಲ್ಲಿ ಒಣ ಪಾಸ್ತಾವನ್ನು ಈ ಗೋಧಿಯಲ್ಲೇ ಮಾಡಬೇಕು ಅಂತ 1967ರಿಂದ ಕಾನೂನೇ ಇದೆ. ಅಂಗಡಿಯಲ್ಲಿ ಆ ಪ್ಯಾಕೆಟ್ ನೋಡಿದಾಗ ಬೇರೆಯವರ ಊಟ ಅಂದುಕೊಳ್ಳಬೇಡ. ಖಾರದ ಶಾವಿಗೆ ಅಂದುಕೋ, ಕೈ ತಾನಾಗಿ ಓಡುತ್ತದೆ.

ಬೇಯಿಸೋದರಲ್ಲಿ ಅರ್ಧ ವಿದ್ಯೆ ಇದೆ. ಅಲ್ಲಿನವರು ಬಾಯಲ್ಲೇ ಹೇಳುವ ಲೆಕ್ಕ: 100 ಗ್ರಾಂ ಪಾಸ್ತಾಕ್ಕೆ 1 ಲೀಟರ್ ನೀರು, 10 ಗ್ರಾಂ ಉಪ್ಪು. ನಾನು ಉಪ್ಪು 7 ಗ್ರಾಂ ಮಾತ್ರ ಹಾಕುತ್ತೇನೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ನೀರು ಕೊತ ಕೊತ ಕುದಿಯಬೇಕು, ಆಗ ಹಾಕು. ಮೊದಲ ಒಂದು ನಿಮಿಷ ಸೌಟಿನಿಂದ ಬಿಡಿಸುತ್ತಾ ಇರು, ಇಲ್ಲದಿದ್ದರೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಪ್ಯಾಕೆಟ್ ಮೇಲೆ ನಿಮಿಷ ಬರೆದಿರುತ್ತದೆ. ಅದಕ್ಕಿಂತ 2 ನಿಮಿಷ ಮೊದಲೇ ಒಂದು ಎಳೆ ತೆಗೆದು ಕಚ್ಚಿ ನೋಡು. ಹಲ್ಲಿಗೆ ಸ್ವಲ್ಪ ಸಿಗಬೇಕು. ಅವರು ಅಲ್ ದೆಂತೆ ಅನ್ನೋದೂ ಹಲ್ಲಿನ ಮಾತೇ.

ಈಗ ಮುಖ್ಯ ವಿಷಯ. ಹೋಳಿಗೆ ಮಾಡುವ ದಿನ ಕಡಲೆಬೇಳೆ ಬಸಿದ ಕಟ್ಟನ್ನು ನಿಮ್ಮಮ್ಮ ಎಂದಾದರೂ ಚೆಲ್ಲಿದ್ದು ನೋಡಿದ್ದೀಯಾ? ಪಾಸ್ತಾ ಬೆಂದ ನೀರೂ ಕಟ್ಟೇ. ಗೋಧಿಯ ಪಿಷ್ಟ ಇಳಿದು ಮಸುಕಾಗಿರುತ್ತದೆ. ಎಣ್ಣೆಯನ್ನೂ ನೀರನ್ನೂ ಕೂಡಿಸಿ ಗೊಜ್ಜಿನ ಹದಕ್ಕೆ ತರುವುದು ಅದೇ. ಬಸಿಯುವ ಮುಂಚೆ ಒಂದು ದೊಡ್ಡ ಲೋಟ ತೆಗೆದಿಟ್ಟುಕೋ. ಕಟ್ಟು ಬಾಣಲೆಗೆ ಹೋಗುವುದರಿಂದಲೇ ನಾನು ಉಪ್ಪು ಕಡಿಮೆ ಮಾಡಿದ್ದು. ನನ್ನ ಮೊದಲ ವರ್ಷದ ಪಾಸ್ತಾ ಎಲ್ಲ ಒಣಗಿ, ಗಂಟಲಲ್ಲಿ ಇಳಿಯದೆ ಇದ್ದದ್ದು ಈ ನೀರನ್ನು ಸಿಂಕಿಗೆ ಸುರಿಯುತ್ತಿದ್ದದ್ದಕ್ಕೆ.

ಮೊದಲ ದಿನ ಬರೀ ಬೆಳ್ಳುಳ್ಳಿ, ಎಣ್ಣೆ, ಒಣಮೆಣಸಿನಕಾಯಿಯದು ಮಾಡು. ಆಲ್ಯೊ ಎ ಓಲ್ಯೊ ಅಂತಾರೆ, ಅಂದರೆ ಬೆಳ್ಳುಳ್ಳಿ ಮತ್ತು ಎಣ್ಣೆ, ಅಷ್ಟೇ. ಇದು ಒಗ್ಗರಣೆಯೇ, ಆದರೆ ಒಂದು ವ್ಯತ್ಯಾಸ ಇದೆ. ನಾವು ಎಣ್ಣೆ ಕಾದ ಮೇಲೆ ಸಾಸಿವೆ ಹಾಕುತ್ತೇವೆ. ಇಲ್ಲಿ ತಣ್ಣನೆಯ ಎಣ್ಣೆಗೇ ತೆಳ್ಳಗೆ ಹೆಚ್ಚಿದ ಬೆಳ್ಳುಳ್ಳಿ ಹಾಕಿ, ಸಣ್ಣ ಉರಿಯಲ್ಲಿ ಇಡಬೇಕು. ಒಬ್ಬನಿಗೆ 3 ಎಸಳು, 2 ಚಮಚ ಆಲಿವ್ ಎಣ್ಣೆ ಸಾಕು. ಬಾಣಲೆ ಬಿಟ್ಟು ಆಚೆ ಹೋಗಬೇಡ. ಎಸಳಿನ ಸುತ್ತ ಸಣ್ಣ ಗುಳ್ಳೆ ಏಳುತ್ತವೆ. ಅಂಚು ಗೋಧಿ ಬಣ್ಣಕ್ಕೆ ತಿರುಗಿದ ಕೂಡಲೇ ಮೆಣಸಿನಕಾಯಿ ಮುರಿದು ಹಾಕಿ, ಒಂದು ಸೌಟು ಕಟ್ಟು ಸುರಿ. ಚುರ್ ಅಂತ ಸದ್ದಾಗಿ ಬೆಳ್ಳುಳ್ಳಿ ಅಲ್ಲಿಗೇ ನಿಲ್ಲುತ್ತದೆ. ಇನ್ನೊಂದು ನಿಮಿಷ ಬಿಟ್ಟಿದ್ದರೆ ಕಹಿ. ಈಗ ಅರೆಬೆಂದ ಪಾಸ್ತಾ ಹಾಕಿ, ಉರಿ ಜೋರು ಮಾಡಿ, ಕೈ ಬಿಡದೆ ತಿರುವು. ಮೊದಲು ಎಣ್ಣೆ ಬೇರೆ, ನೀರು ಬೇರೆ ಕಾಣುತ್ತದೆ. ಎರಡು ನಿಮಿಷಕ್ಕೆ ಎರಡೂ ಕೂಡಿ ಬೆಳ್ಳಗೆ, ದಪ್ಪಗೆ ಆಗಿ ಎಳೆಗೆ ಹತ್ತಿಕೊಳ್ಳುತ್ತದೆ. ಆ ಹೊತ್ತಿಗೆ ಇಳಿಸು. ಇದೊಂದು ಕೈಗೆ ಬಂತು ಅಂದರೆ ಉಳಿದದ್ದೆಲ್ಲ ಇದರ ಮೇಲೆ ಕಟ್ಟಿದ್ದೇ.

ಯಾಕೆಂದರೆ ಅದೇ ಎಣ್ಣೆಗೆ ಅವತ್ತು ಇದ್ದದ್ದನ್ನು ಹಾಕುತ್ತಾ ಹೋಗಬಹುದು. ಬ್ರೊಕೊಲಿ ಇದ್ದರೆ ಪಾಸ್ತಾ ಬೇಯುವ ನೀರಿಗೇ ಸಣ್ಣಗೆ ಹೆಚ್ಚಿ ಹಾಕು, ಒಂದೇ ಒಲೆ ಸಾಕು. ಪಾಲಕ್ ಇದ್ದರೆ ಎಣ್ಣೆಯಲ್ಲೇ ಬಾಡಿಸು. ಬದನೆಕಾಯಿ ಅಲ್ಲಿ ಬೇಸಿಗೆಯಲ್ಲಿ ತುಂಬ ಚೆನ್ನಾಗಿರುತ್ತದೆ, ಆದರೆ ಎಣ್ಣೆ ಜಾಸ್ತಿ ಕುಡಿಯುತ್ತದೆ, ಮೊದಲು ಉಪ್ಪು ಸವರಿ ನೀರು ಹಿಂಡಿಬಿಡು. ಚಳಿಗಾಲದ ಟೊಮೇಟೊ ಕೊಳ್ಳಬೇಡ, ರುಚಿ ಇರಲ್ಲ. ಪೆಲಾತಿ ಅಂತ ಸಿಪ್ಪೆ ಸುಲಿದ ಟೊಮೇಟೊ ಡಬ್ಬಿ ಬರುತ್ತದೆ, 400 ಗ್ರಾಂನದು. ಅಲ್ಲಿನ ಮನೆಗಳಲ್ಲೂ ಚಳಿಗಾಲಕ್ಕೆ ಅದನ್ನೇ ಬಳಸುತ್ತಾರೆ. ಕೈಯಲ್ಲೇ ಕಿವುಚಿ ಬೆಳ್ಳುಳ್ಳಿ ಎಣ್ಣೆಗೆ ಹಾಕಿ 20 ನಿಮಿಷ ಕುದಿಸಿದರೆ ಮೂರು ಊಟಕ್ಕಾಗುತ್ತದೆ.

ಬರೀ ಪಾಸ್ತಾ ತಿಂದು ಮಲಗಬೇಡ. ಅದರಲ್ಲಿ ಕಾಳು ಇರಲಿ. ನನ್ನ ದೇಹ ಮತ್ತೆ ಕೂಡಿಕೊಂಡದ್ದು ಕಾಬೂಲ್ ಕಡಲೆ ಹಾಕಿದ ಪಾಸ್ತಾದಿಂದ. ಇಟಲಿಯಲ್ಲಿ ಇದು ಬಹಳ ಹಳೆಯ ಮನೆ ಅಡುಗೆ, ಪಾಸ್ತಾ ಎ ಚೆಚಿ ಅಂತ ಹೆಸರು. ಬೆಂದ ಕಡಲೆಯ ಡಬ್ಬಿ ತಂದು ಅರ್ಧದಷ್ಟನ್ನು ಸೌಟಿನಲ್ಲಿ ಅರೆದುಬಿಡು. ಬೆಳ್ಳುಳ್ಳಿ, ಒಂದೆರಡು ಟೊಮೇಟೊ ಜೊತೆ ನೀರು ಹಾಕಿ ಕುದಿಸಿ, ಸಣ್ಣ ಪಾಸ್ತಾವನ್ನು ಅದರಲ್ಲೇ ಬೇಯಿಸು. ತಿಳಿಯಾಗಿ ಬಿಟ್ಟರೆ ಸಾರು, ಬತ್ತಿಸಿದರೆ ಬಿಸಿಬೇಳೆ ಬಾತಿನ ಹದ. ಅಲಸಂದೆಯಂಥ ಕಾಳು, ಚನ್ನಂಗಿ ಬೇಳೆಯ ಜಾತಿಯ ಲೆಂಟಿಲ್ ಎಲ್ಲವೂ ಸಿಗುತ್ತವೆ, ಅಗ್ಗ ಕೂಡ. ಇನ್ನೊಂದು ನನ್ನದೇ ಪ್ರಯೋಗ. ಅಕ್ಕಿಯಾಕಾರದ ರಿಸೋನಿ ಅನ್ನುವ ಪಾಸ್ತಾ ಇದೆ, ನೋಡೋಕೆ ಥೇಟ್ ಸೌತೆಬೀಜ. ಅದನ್ನು ಮೆತ್ತಗೆ ಬೇಯಿಸಿ, ಆರಿಸಿ, ಮೊಸರು ಕಲಸಿ, ಸಾಸಿವೆ ಒಗ್ಗರಣೆ ಕೊಡು. ಜ್ವರ ಬಂದ ದಿನ ಮನೆ ಊಟದ ಹತ್ತಿರಕ್ಕೆ ಬರುವುದು ಇದೇ.

ಮೊಟ್ಟೆ ತಿನ್ನಲ್ಲ ಅಂದೆಯಲ್ಲ, ಸರಿಯಾಗಿ ಕೇಳಿದೆ. ಮಾಮೂಲಿ ಒಣ ಪಾಸ್ತಾದಲ್ಲಿ ಗೋಧಿ, ನೀರು ಅಷ್ಟೇ ಇರುತ್ತದೆ. ಆದರೆ ಪ್ಯಾಕೆಟ್ ಮೇಲೆ ಉವೊವೊ ಅಂತ ಬರೆದಿದ್ದರೆ ಮೊಟ್ಟೆ ಇದೆ. ಫ್ರಿಜ್ಜಿನಲ್ಲಿಟ್ಟು ಮಾರುವ ತಾಜಾ ಪಾಸ್ತಾದಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಇನ್ನು ಚೀಸ್. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ಗೊತ್ತಾದ ದಿನ ಬೇಜಾರಾಗಿತ್ತು. ಪಾರ್ಮಿಜಾನೊ ರೆಜ್ಜಾನೊ ಮಾಡುವಾಗ ಹಾಲು ಒಡೆಸೋಕೆ ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವ ಹಾಕುತ್ತಾರೆ. ಅವರ ನಿಯಮದಲ್ಲೇ ಅದು ಇದೆ. ಪೆಕೊರಿನೊ ರೊಮಾನೊಗೆ ಕುರಿಮರಿಯದು. ಲೇಬಲ್ ಮೇಲೆ ಕಾಲ್ಯೊ ಅನ್ನುವ ಪದ ಹುಡುಕು, ಹಾಲು ಒಡೆಸುವ ಕಿಣ್ವದ ಹೆಸರು ಅದು. ಪಕ್ಕದಲ್ಲಿ ವೆಜೆತಾಲೆ, ಅಂದರೆ ಸಸ್ಯದ್ದು, ಅಂತಿದ್ದರೆ ನಿನಗೆ ನಡೆಯುತ್ತದೆ. ಬರೀ ಕಾಲ್ಯೊ ಅಂತಿದ್ದರೆ ಬಿಟ್ಟುಬಿಡು. ಅಂಗಡಿಯ ಪೆಸ್ತೊ, ಅಂದರೆ ಹಸಿರು ಸೊಪ್ಪಿನ ಚಟ್ನಿಯ ಬಾಟಲಿಯಲ್ಲೂ ಸಾಮಾನ್ಯವಾಗಿ ಇಂಥ ಚೀಸ್ ಇರುತ್ತದೆ.

ಚೀಸ್ ಇಲ್ಲದೆ ರುಚಿ ಹೇಗೆ ಅಂತೀಯಾ? ಇಟಲಿಯ ದಕ್ಷಿಣದ ಬಡ ಮನೆಗಳಲ್ಲಿ ಚೀಸ್ ಕೊಳ್ಳೋಕೆ ಆಗದವರು ಒಣ ಬ್ರೆಡ್ ಪುಡಿಯನ್ನು ಎಣ್ಣೆಯಲ್ಲಿ ಗರಿಗರಿ ಹುರಿದು ಉದುರಿಸಿಕೊಳ್ಳುತ್ತಿದ್ದರು. ಇವತ್ತಿಗೂ ಮಾಡುತ್ತಾರೆ. ನಮಗೆ ಶೇಂಗಾ ಚಟ್ನಿಪುಡಿ ಇದೆಯಲ್ಲ. ಬೆಳ್ಳುಳ್ಳಿ ಪಾಸ್ತಾದ ಮೇಲೆ ಒಂದು ಚಮಚ ಉದುರಿಸಿ ನೋಡು. ಗುರೆಳ್ಳು ಪುಡಿಯಾದರೆ ಇನ್ನೂ ಚೆನ್ನ. ಬ್ರೊಕೊಲಿಗೆ ಅದು ತುಂಬ ಹೊಂದುತ್ತದೆ.

ಸಲಾಡ್ ಅಂದರೆ ಸೊಪ್ಪು ಮೇಯೋದು ಅಂತ ನಮ್ಮವರು ಮೂಗು ಮುರಿಯುತ್ತಾರೆ. ನನಗೆ ಆ ಮಾತು ಒಪ್ಪಿಗೆ ಇಲ್ಲ. ರೊಟ್ಟಿ ಜೊತೆ ಹಸಿ ಸೌತೆಕಾಯಿ, ಮೂಲಂಗಿ, ಈರುಳ್ಳಿ, ಮೆಂತ್ಯಸೊಪ್ಪು, ಹಕ್ಕರಿಕೆ ಕಚ್ಚಿಕೊಂಡು ತಿನ್ನುವವರು ನಾವು. ರಾಮನವಮಿಗೆ ಕೋಸಂಬರಿ ಹಂಚುವವರು ನಾವು. ಅಲ್ಲಿ ರೂಕೊಲಾ ಅನ್ನುವ ಸೊಪ್ಪು ಸಿಗುತ್ತದೆ, ಸ್ವಲ್ಪ ಖಾರ, ಸ್ವಲ್ಪ ಕಹಿ. ಮೊದಲ ಸಲ ಬಾಯಿಗಿಟ್ಟಾಗ ನನಗೆ ಹಕ್ಕರಿಕೆಯೇ ನೆನಪಾಯಿತು. ಫಿನೊಕ್ಕಿಯೊ ಅಂತ ಬಿಳಿ ಗಡ್ಡೆ ಇದೆ, ಸೋಂಪಿನ ಗಿಡದ್ದೇ. ತೆಳ್ಳಗೆ ಹೆಚ್ಚಿ, ಕಿತ್ತಳೆ ತೊಳೆ ಬಿಡಿಸಿ ಹಾಕಿ, ಉಪ್ಪು, ಎಣ್ಣೆ, ಕಾಳುಮೆಣಸಿನ ಪುಡಿ. ಸಿಸಿಲಿಯವರ ಸಲಾಡ್ ಇದು, ಚಳಿಗಾಲದಲ್ಲಿ ತಿನ್ನಬೇಕು. ಕಾಳಿನ ಡಬ್ಬಿ ತೊಳೆದು, ಈರುಳ್ಳಿ, ಕ್ಯಾರೆಟ್ ತುರಿ, ನಿಂಬೆಹಣ್ಣು ಹಿಂಡಿದರೆ ಅದೂ ಊಟವೇ. ಒಂದೇ ಎಚ್ಚರ: ಕೋಸಂಬರಿಗೆ ಹಾಕುವಂತೆ ಉಪ್ಪನ್ನು ತಿನ್ನುವ ಹೊತ್ತಿಗಷ್ಟೇ ಹಾಕು. ಬೇಗ ಹಾಕಿದರೆ ನೀರು ಬಿಟ್ಟುಕೊಂಡು ಸೊಪ್ಪು ಸೊರಗುತ್ತದೆ.

ಇದರಲ್ಲಿ ನನಗೆ ತುಂಬ ಪ್ರೀತಿಯದು ಪಂತ್ಸನೆಲ್ಲಾ. ಇಟಲಿಯ ತಸ್ಕನಿ ಕಡೆಯದು. ಎರಡು ದಿನದ ಗಟ್ಟಿ ಬ್ರೆಡ್ಡನ್ನು ನೀರಲ್ಲಿ ಅದ್ದಿ, ಹಿಂಡಿ, ಕೈಯಲ್ಲೇ ಉದುರಿಸುತ್ತಾರೆ. ಹೆಚ್ಚಿದ ಟೊಮೇಟೊ, ಈರುಳ್ಳಿ, ಸೌತೆಕಾಯಿ, ತುಳಸಿಯ ಜಾತಿಯ ಬೇಸಿಲ್ ಎಲೆ, ಎಣ್ಣೆ, ವಿನೆಗರ್ ಹಾಕಿ ಕಲಸುತ್ತಾರೆ. ಯಾರೋ ಮಾಡುವುದನ್ನು ಮೊದಲ ಸಲ ನೋಡಿದಾಗ ನಾನು ನಿಂತೇಬಿಟ್ಟೆ. ಒಗ್ಗರಣೆ ಮಂಡಕ್ಕಿಗೆ ಅವ್ವ ಮಂಡಕ್ಕಿಯನ್ನು ನೀರಿಗೆ ಹಾಕಿ, ಮುಳುಗಿಸಿ, ತಕ್ಷಣ ಎರಡೂ ಅಂಗೈ ನಡುವೆ ಹಿಂಡುತ್ತಾಳಲ್ಲ, ಅದೇ ಕೈ, ಅದೇ ಹಿಡಿತ. ಜಾಸ್ತಿ ನೆನೆದರೆ ಗಂಜಿ, ಕಡಿಮೆಯಾದರೆ ಗಂಟಲಿಗೆ ಚುಚ್ಚುತ್ತದೆ. ಮಂಡಕ್ಕಿ ಭಟ್ಟಿಗಳ ಊರಿನ ಹುಡುಗನಿಗೆ ಈ ಹದ ಯಾರೂ ಕಲಿಸಬೇಕಾಗಿಲ್ಲ.

ಕೈಯಲ್ಲೇ ಪಾಸ್ತಾ ಮಾಡೋದನ್ನು ನನಗೆ ಕಲಿಸಿದ್ದು ದಕ್ಷಿಣ ಇಟಲಿಯ ಪುಲ್ಯಾ ಕಡೆಯ ರೂಮ್‌ಮೇಟ್. ಮೊಟ್ಟೆ ಬೇಡ. ಸೆಮೊಲಾ ರಿಮಾಚಿನಾತಾ ಅಂತ ಕೇಳಿ ತಾ, ಅಂದರೆ ಎರಡನೇ ಸಲ ಬೀಸಿದ ರವೆ. 100 ಗ್ರಾಂಗೆ ಸುಮಾರು 50 ಎಂಎಲ್ ಉಗುರುಬೆಚ್ಚಗಿನ ನೀರು. 10 ನಿಮಿಷ ಚೆನ್ನಾಗಿ ನಾದಿ, ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡು. ಬೆರಳು ದಪ್ಪದ ಹುರಿ ಮಾಡಿ, ಚಿಕ್ಕದಾಗಿ ಕತ್ತರಿಸಿ, ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ ನಿನ್ನ ಕಡೆ ಎಳೆ. ಸುರುಳಿಯಾಗಿ ನಡುವೆ ಗುಳಿ ಬೀಳುತ್ತದೆ, ರಸ ಅಲ್ಲಿ ನಿಲ್ಲುತ್ತದೆ. ಕವತೆಲ್ಲಿ ಅಂತಾರೆ.

ಕಳೆದ ಭಾನುವಾರ ಇದನ್ನು ಇಲ್ಲೇ ಮಾಡಿದೆವು. ಬನ್ಸಿ ರವೆಯನ್ನು ಗಿರಣಿಯಲ್ಲಿ ಇನ್ನೊಂದು ಸಲ ನುಣ್ಣಗೆ ಬೀಸಿಸಿ ತಂದೆ. ಅವ್ವ ನಾನು ಎಳೆಯುವುದನ್ನು ಎರಡು ಸಲ ನೋಡಿದಳು, ಆಮೇಲೆ ನನ್ನನ್ನು ಪಕ್ಕಕ್ಕೆ ಸರಿಸಿ ತಾನೇ ಕೂತಳು. ಅರ್ಧ ಗಂಟೆಗೆ ಮೊರ ತುಂಬಿತು. ಒಂದಕ್ಕೊಂದು ಅಳೆದಿಟ್ಟ ಹಾಗೆ. ಅವಳಿಗೀಗ 72. ಗೌಲಿ ಮಾಡಿ 20 ವರ್ಷವಾಗಿತ್ತಂತೆ, ಹೆಬ್ಬೆರಳು ಮರೆತಿರಲಿಲ್ಲ. ಬೆಳ್ಳುಳ್ಳಿ, ಟೊಮೇಟೊ ಹಾಕಿ ತಿರುವಿದೆ. ಮೇಲೆ ಒಂದು ಉಂಡೆ ಬೆಣ್ಣೆ ಇಟ್ಟಳು. ದಾವಣಗೆರೆಯಲ್ಲಿ ಅದನ್ನು ಬೇಡ ಅನ್ನೋಕೆ ಆಗುತ್ತದಾ? ಅವತ್ತು ಮಧ್ಯಾಹ್ನ ನಿಮ್ಮಮ್ಮನೂ ಬಂದಿದ್ದರು. ಒಂದು ತಟ್ಟೆ ತಿಂದು, "ನನ್ನ ಮಗ ಇದನ್ನ ಮಾಡ್ಕೋತಾನಾ?" ಅಂತ ಕೇಳಿದರು. ಮಾಡ್ಕೋತಾನೆ ಅಂದಿದ್ದೇನೆ.

ನಾನು ಬರುವ ಬುಧವಾರ ಟುರಿನ್‌ಗೆ ಹೊರಡುತ್ತೇನೆ. ನಿಮ್ಮಮ್ಮ 1 ಕೆಜಿ ಶೇಂಗಾ ಪುಡಿ, ಅರ್ಧ ಕೆಜಿ ಗುರೆಳ್ಳು ಪುಡಿ ಕೊಟ್ಟಿದ್ದಾರೆ. ರೊಟ್ಟಿ ನಾನೇ ಬೇಡ ಅಂದೆ, ದಾರಿಯಲ್ಲಿ ಪುಡಿಯಾಗುತ್ತವೆ. ಶನಿವಾರ ಪೋರ್ತಾ ಪಲಾತ್ಸೊ ಸಂತೆ ಸಂಜೆವರೆಗೂ ಇರುತ್ತದೆ, ಉಳಿದ ದಿನ ಮಧ್ಯಾಹ್ನಕ್ಕೇ ಮುಚ್ಚುತ್ತಾರೆ. ಮುಚ್ಚುವ ಹೊತ್ತಿಗೆ ತರಕಾರಿಯವರು ದರ ಇಳಿಸುತ್ತಾರೆ. ಐದು ಗಂಟೆಗೆ ಗಡಿಯಾರ ಇರುವ ಕಬ್ಬಿಣದ ಮಂಟಪದ ಹತ್ತಿರ ಸಿಗು. ದೊಡ್ಡ ಚೀಲ ತಗೊಂಡು ಬಾ. ರಾತ್ರಿ ನಿನ್ನ ರೂಮಿನಲ್ಲೇ ಮಾಡೋಣ, ಬಾಣಲೆ ಇಲ್ಲದಿದ್ದರೆ ಈಗಲೇ ತಿಳಿಸು, ನನ್ನದನ್ನು ತರುತ್ತೇನೆ.