ಫುಟ್‌ಬಾಲ್ ನಾಯಕನಾಗಿರುವುದರಿಂದ ಯುದ್ಧವಿಮಾನದ ಪೈಲಟ್ ಆಗುವುದು ಸುಲಭವೇ?

ಆಟಗಾರನಾಗಿದ್ದು ಪೈಲಟ್ ಆದ ಅಮೆರಿಕದ ನೈಲ್ ಕಿನ್ನಿಕ್‌ನ ಉದಾಹರಣೆ ಕೊಟ್ಟು ನೀವು ಕೇಳಿರುವುದನ್ನೇ ನಾನೂ ಕಾಲೇಜು ತಂಡದ ಗೋಲ್‌ಕೀಪರ್ ಮತ್ತು ನಾಯಕನಾಗಿದ್ದಾಗ ಕೇಳಿಕೊಂಡು, ಹೌದೆಂದು ನಂಬಿದ್ದೆ.

ವಾಯುಪಡೆಯ ಪ್ರವೇಶ ಪರೀಕ್ಷೆಯಾದ ಏಎಫ್‌ಕ್ಯಾಟ್ ಪಾಸಾಗಿ ಮೈಸೂರಿನ ವಾಯುಪಡೆ ಆಯ್ಕೆ ಮಂಡಳಿಗೆ ಹೋದೆ. ಹಲಗೆ, ಹಗ್ಗ ಹಿಡಿದು ಅಡೆತಡೆ ದಾಟುವ ಗುಂಪು ಚಟುವಟಿಕೆಗಳಲ್ಲಿ ಆಟದ ಅನುಭವ ನೆರವಾಯಿತೆಂಬುದನ್ನು ಒಪ್ಪುತ್ತೇನೆ, ಶಿಫಾರಸೂ ಆಯಿತು. ಮಂಡಳಿಯಲ್ಲಿ ಉಳಿದದ್ದು ಪೈಲಟ್ ಆಯ್ಕೆಗೆ ಕಂಪ್ಯೂಟರ್ ಮೇಲೆ ನಡೆಸುವ ಸಿಪಿಎಸ್‌ಎಸ್ ಪರೀಕ್ಷೆ ಮಾತ್ರ.

ಅದನ್ನು ಚುರುಕುತನದ ಪರೀಕ್ಷೆಯೆಂದು ತಿಳಿದದ್ದೇ ನನ್ನ ತಪ್ಪು. ವಿಮಾನದ ಮಾಪಕಗಳನ್ನು ಓದುವ ಬಗೆಯನ್ನು ಮೊದಲು ವಿವರಿಸುತ್ತಾರೆ. ನಾನು ಅದನ್ನು ಅರೆಕಿವಿಯಲ್ಲಿ ಕೇಳಿದೆ, ಏಕೆಂದರೆ ಯಂತ್ರದ ಮುಂದೆ ಕೂತಾಗ ಕೈಕಾಲು ತಾವಾಗಿಯೇ ದಾರಿ ಕಂಡುಕೊಳ್ಳುತ್ತವೆ ಎಂಬ ಧೈರ್ಯವಿತ್ತು. ಪರದೆಯ ಮೇಲೆ ಸರಿಯುವ ಚುಕ್ಕೆಯನ್ನು ಕೈಯ ಸ್ಟಿಕ್ ಮತ್ತು ಕಾಲಿನ ಪೆಡಲ್‌ಗಳಿಂದ ನಡುವೆ ಹಿಡಿದಿಡಬೇಕಿತ್ತು. ಚುಕ್ಕೆ ಸರಿದೊಡನೆ ನಾನು ಪೆನಾಲ್ಟಿ ತಡೆಯುವವನಂತೆ ಪೂರ್ತಿ ಒತ್ತಿದೆ. ಅದು ಆಚೆ ದಡಕ್ಕೆ ಹಾರಿತು. ನಾನು ಇನ್ನೂ ಜೋರಾಗಿ ಹಿಂದಕ್ಕೆಳೆದೆ. ಗೋಲ್‌ಕೀಪರ್ ಒಮ್ಮೆ ತೀರ್ಮಾನಿಸಿ ಮೈಯೆಲ್ಲ ಎಸೆಯುತ್ತಾನೆ, ಅಲ್ಲಿ ಬೇಕಾಗಿದ್ದುದು ಬಿಡುವಿಲ್ಲದ ಸಣ್ಣ ಸಣ್ಣ ತಿದ್ದುಪಡಿ. ವರ್ಷಗಳ ಅಭ್ಯಾಸವೇ ನನಗೆ ತಿರುಗಿಬಿತ್ತು. ಈ ಪರೀಕ್ಷೆಯಲ್ಲಿ ಒಮ್ಮೆ ಅನುತ್ತೀರ್ಣರಾದರೆ ವಾಯುಪಡೆಯ ಫ್ಲೈಯಿಂಗ್ ಶಾಖೆ ಜೀವಮಾನಕ್ಕೆ ಮುಚ್ಚಿದಂತೆ. ಆ ನಿಯಮ ಗೊತ್ತಿದ್ದೂ ನಾನು ವಿವರಣೆಗೆ ಕಿವಿಗೊಡಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಎನ್ನುತ್ತೇನೆ. ಕಿನ್ನಿಕ್ 1939ರಲ್ಲಿ ಅಮೆರಿಕದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿ ಗೆದ್ದದ್ದು ನಿಜ (ಆತ ಆಡಿದ್ದು ನಮ್ಮ ಫುಟ್‌ಬಾಲ್ ಅಲ್ಲ, ಅಮೆರಿಕನ್ ಫುಟ್‌ಬಾಲ್ ಎಂಬ ಬೇರೆಯೇ ಆಟ, ಅದಿರಲಿ). ಆದರೆ ಆತ ಓದಿನಲ್ಲೂ ಮುಂದಿದ್ದವನು. ಕಾನೂನು ವ್ಯಾಸಂಗ ಬಿಟ್ಟು ನೌಕಾಪಡೆಯ ವೈಮಾನಿಕ ತರಬೇತಿಗೆ ಸೇರಿದ. 1943ರ ಜೂನ್ 2ರಂದು ಲೆಕ್ಸಿಂಗ್ಟನ್ ಹಡಗಿನಿಂದ ತರಬೇತಿ ಹಾರಾಟಕ್ಕೆ ಹೊರಟ ಅವನ ವೈಲ್ಡ್‌ಕ್ಯಾಟ್ ವಿಮಾನದಲ್ಲಿ ಎಣ್ಣೆ ಸೋರಿ, ವೆನೆಜುವೆಲಾ ಬಳಿಯ ಪಾರಿಯಾ ಕೊಲ್ಲಿಯಲ್ಲಿ ನೀರಿಗಿಳಿಸಬೇಕಾಯಿತು. ದೇಹ ಸಿಗಲಿಲ್ಲ. ಆಗ ಅವನಿಗೆ 24 ವರ್ಷ. ಅವನನ್ನು ಕಾಕ್‌ಪಿಟ್‌ಗೆ ತಂದದ್ದು ಕಪ್‌ಗಳೆಂದು ಓದಿಕೊಳ್ಳುವುದು ನಮ್ಮಂಥ ಆಟಗಾರರ ಹೆಮ್ಮೆ ಅಷ್ಟೆ.

ಆಟ ಬಿಡಿ ಎನ್ನುವುದಿಲ್ಲ, ಆದರೆ ಮಂಡಳಿಯ ಕರೆ ಮತ್ತು ಟೂರ್ನಿ ಒಂದೇ ವಾರ ಬಂದರೆ ಟೂರ್ನಿಯನ್ನು ಯೋಚಿಸದೆ ಬಿಡಿ. ಮೊಣಕಾಲಿನ ಹಳೆಯ ಪೆಟ್ಟಿದ್ದರೆ ಈಗಲೇ ಮೂಳೆವೈದ್ಯರಿಗೆ ತೋರಿಸಿ. ನೀವು ಪಿಯುಸಿಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಓದಿದ್ದೀರೋ ಇಲ್ಲವೋ ಬರೆದಿಲ್ಲ. ಓದಿರದಿದ್ದರೆ ಫ್ಲೈಯಿಂಗ್ ಶಾಖೆಗೆ ಅರ್ಜಿ ಹಾಕಲು ನಿಮಗೆ ಅರ್ಹತೆಯೇ ಇರುವುದಿಲ್ಲ.